ಹಳೆಯ ಇಟಾಲಿಯನ್ ಕಾರುಗಳು: ಇಂಜಿನ್ ಚಿಕ್ಕದು, ಓಡಿಸುವವರಿಗೆ ಕೈತುಂಬ ಕೆಲಸ

ಟ್ವಿನ್‌ಕ್ಯಾಮ್, ಟೊರಿನೊ

ಎಲ್ಲರಿಗೂ ನಮಸ್ಕಾರ. ಹಳೆಯ ಇಟಾಲಿಯನ್ ಕಾರು ಅಂದ ಕೂಡಲೇ ಮಾತು ಫೆರಾರಿ ಕಡೆಗೆ ಹೋಗುತ್ತದೆ. ಹರಾಜಿನಲ್ಲಿ ಎಷ್ಟು ಕೋಟಿಗೆ ಹೋಯ್ತು, ಯಾರು ಕೊಂಡರು, ಅಲ್ಲಿಗೆ ಮುಗೀತು. ನನಗೆ ಮಾತಾಡಬೇಕಿರುವುದು ಬೇರೆ ಕಾರುಗಳ ಬಗ್ಗೆ. 500 ಸಿಸಿ, 1100 ಸಿಸಿ, 1300 ಸಿಸಿ, ಹೆಚ್ಚೆಂದರೆ 1600. ಮೇಷ್ಟ್ರು, ಅಂಗಡಿಯವರು, ಪೊಲೀಸರು ಓಡಿಸುತ್ತಿದ್ದ ಕಾರುಗಳು. ಇಟಲಿಯ ಕಾರಿನ ಅಸಲಿ ಗುಣ ಇರುವುದು ಇವುಗಳಲ್ಲೇ ಅನ್ನೋದು ನನ್ನ ವಾದ.

ಯಾಕೆ ಅಂತ ಹೇಳುತ್ತೇನೆ. ಆಗ ಇಟಲಿಯಲ್ಲಿ ಇಂಜಿನ್ ದೊಡ್ಡದಾದಷ್ಟೂ ತೆರಿಗೆ ಜಾಸ್ತಿ ಇತ್ತು. ಪೆಟ್ರೋಲ್ ಕೂಡ ದುಬಾರಿ. ದೊಡ್ಡ ಇಂಜಿನ್ ಕೂರಿಸಿ ಆರಾಮಾಗಿ ಓಡಿಸುವ ಅಮೆರಿಕದ ದಾರಿ ಇವರಿಗೆ ಇರಲೇ ಇಲ್ಲ. ಆದರೆ ರಸ್ತೆ ನೋಡಿ. ಉತ್ತರಕ್ಕೆ ಆಲ್ಪ್ಸ್, ದೇಶದ ಉದ್ದಕ್ಕೂ ಅಪೆನೈನ್ ಬೆಟ್ಟಸಾಲು. ಚಿಕ್ಕ ಇಂಜಿನ್‌ನಲ್ಲೇ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಘಾಟಿ ಹತ್ತಬೇಕು. ಹಾಗಾಗಿ ಇಂಜಿನ್ ಜೋರಾಗಿ ತಿರುಗುವ ಹಾಗೆ ಮಾಡಿದರು, ಬಾಡಿ ಹಗುರ ಮಾಡಿದರು, ಸ್ಟೇರಿಂಗು ಬ್ರೇಕು ಎರಡಕ್ಕೂ ತಲೆ ಓಡಿಸಿದರು.

1954ರ ಟೊರಿನೊ (ಟ್ಯೂರಿನ್) ಮೋಟಾರ್ ಶೋನಲ್ಲಿ ಆಲ್ಫಾ ರೋಮಿಯೊ ಜೂಲಿಯೆಟ್ಟಾ ಸ್ಪ್ರಿಂಟ್ ಬಂತು. ಇಂಜಿನ್ ಬರೀ 1290 ಸಿಸಿ. ಆದರೆ ಬ್ಲಾಕೂ ಹೆಡ್ಡೂ ಅಲ್ಯೂಮಿನಿಯಂ, ಮೇಲೆ ಎರಡು ಕ್ಯಾಮ್‌ಶಾಫ್ಟ್, ಅಂದರೆ ವಾಲ್ವ್‌ಗಳನ್ನು ತೆರೆಯುವ ದಂಡಗಳು. ಆ ಕಾಲಕ್ಕೆ ಎರಡು ಕ್ಯಾಮ್ ಅಂದರೆ ರೇಸ್ ಕಾರಿನ ಸಾಮಾನು. 1962ರಲ್ಲಿ ಜೂಲಿಯಾ ಬಂತು. 1570 ಸಿಸಿ, ಐದು ಗೇರು, ನಾಲ್ಕು ಬಾಗಿಲು. ನೋಡೋಕೆ ಪೂರ್ತಿ ಚೌಕ. ಆದರೂ ಗಾಳಿಯನ್ನು ಸೀಳುವುದರಲ್ಲಿ ಅವತ್ತಿನ ಎಷ್ಟೋ ಸ್ಪೋರ್ಟ್ಸ್ ಕಾರುಗಳಿಗಿಂತ ಮುಂದೆ. ಹಿಂಭಾಗವನ್ನು ಥಟ್ಟನೆ ಕತ್ತರಿಸಿದ ಹಾಗೆ ಮುಗಿಸಿದ್ದು ಅದಕ್ಕೇ.

ಇಲ್ಲಿ ಜೊತೆಗೆ ಕೆಲಸ ಮಾಡುವವರೊಬ್ಬರ ಹತ್ತಿರ ಜೂಲಿಯಾ ಸೂಪರ್ ಇದೆ. ಸೂಪರ್ಗ ಗುಡ್ಡದ ರಸ್ತೆಯಲ್ಲಿ ಓಡಿಸೋಕೆ ಆಗಾಗ ಕೊಡುತ್ತಾರೆ. ಇಂಜಿನ್ ತಣ್ಣಗಿದ್ದರೆ ಕೀ ತಿರುಗಿಸುವ ಮೊದಲು ಆಕ್ಸಿಲರೇಟರನ್ನು ಎರಡು ಮೂರು ಸಲ ಒತ್ತಬೇಕು. ಪೆಟ್ರೋಲ್ ಗಾಳಿ ಬೆರೆಸುವ ಎರಡೂ ವೆಬರ್ ಕಾರ್ಬೊರೇಟರ್‌ಗಳಿಗೆ ಪೆಟ್ರೋಲ್ ಇಳಿಯಲಿ ಅಂತ. ಹೊರಟ ಸ್ವಲ್ಪ ಹೊತ್ತು ಎರಡನೇ ಗೇರಿಗೆ ಅವಸರ ಮಾಡಬಾರದು. ಗೇರ್ ಎಣ್ಣೆ ಬಿಸಿಯಾಗುವವರೆಗೆ ಅದು ಕರಕರ ಅನ್ನುತ್ತದೆ. ಗೇರ್ ಲಿವರ್ ಉದ್ದ, ಡ್ಯಾಶ್‌ಬೋರ್ಡಿನ ಕೆಳಗಿನಿಂದ ಓರೆಯಾಗಿ ಕೈಗೆ ಬರುತ್ತದೆ. 3000 ಆರ್‌ಪಿಎಂ ಒಳಗೆ ಇದು ಸಾಧಾರಣ ಕಾರು. 4000 ದಾಟಲಿ, ಸದ್ದು ಬಿಗಿಯಾಗುತ್ತದೆ, ಕಾರು ಮುಂದಕ್ಕೆ ಎಳೆಯುತ್ತದೆ. ಅಲ್ಲೇ ಇಟ್ಟುಕೊಳ್ಳಬೇಕು. ತಿರುವು ಬರುವ ಮೊದಲೇ ಸರಿಯಾದ ಗೇರಿನಲ್ಲಿ ಇರಬೇಕು. ಇಲ್ಲದಿದ್ದರೆ ತಿರುವಿನಿಂದ ಹೊರಗೆ ಬರುವಾಗ ಪಿಕಪ್ ಸಿಗೋದಿಲ್ಲ. ಇಷ್ಟೆಲ್ಲ ನಡೆಯುವಾಗ ವೇಗ ನೋಡಿದರೆ ಗಂಟೆಗೆ 60, 70. ಇವತ್ತಿನ ಕಾರಿನಲ್ಲಿ ಆ ವೇಗಕ್ಕೆ ನಿದ್ದೆ ಬರುತ್ತದೆ.

ನಿಮ್ಮಲ್ಲಿ ಯಾರು ಯಾರು ಓಡಿಸಿದ್ದೀರಿ? ಬರೆಯಿರಿ.

ಹ್ಯಾಂಡ್‌ಗೇರ್, ಮಂಗಳೂರು

ನಮ್ಮ ಪದ್ಮಿನಿ ಈ ಲೆಕ್ಕಕ್ಕೆ ಬರುತ್ತದಾ ಮಾರಾಯ್ರೆ? ಬರುತ್ತದೆ ಅಂದರೆ ನಾನು ಬರೆಯುತ್ತೇನೆ.

ನಮ್ಮ ಮನೆಯಲ್ಲಿ ಅಪ್ಪನ ಕಾಲದ ಪ್ರೀಮಿಯರ್ ಪದ್ಮಿನಿ ಈಗಲೂ ಇದೆ. 1089 ಸಿಸಿ, ಸುಮಾರು 40 ಕುದುರೆ ಶಕ್ತಿ, ಸ್ಟೇರಿಂಗ್ ಪಕ್ಕದಲ್ಲೇ ಗೇರ್. ಚಾರ್ಮಾಡಿ ಹತ್ತುವಾಗ ನೀವು ಹೇಳಿದ್ದೇ ಆಗುತ್ತದೆ. ಮೂರನೇ ಗೇರಿನಲ್ಲಿ ಎಳೆಯುತ್ತಿರುವಾಗ ಮುಂದೆ ಬಸ್ ಕಂಡರೆ ಆಗಲೇ ಮನಸ್ಸಿನಲ್ಲಿ ಲೆಕ್ಕ ಶುರು. ಬಸ್ ತಿರುವು ದಾಟುತ್ತದಾ, ನಾನು ಎರಡಕ್ಕೆ ಇಳಿಸಲಾ, ಎದುರಿನಿಂದ ಲಾರಿ ಬಂದರೆ ಜಾಗ ಎಲ್ಲಿ. ಒಮ್ಮೆ ಓಟ ಕಳೆದುಕೊಂಡರೆ ಮತ್ತೆ ಹಿಡಿಯೋಕೆ ಮುಂದಿನ ಸಪಾಟು ಜಾಗ ಬರಬೇಕು.

ಏಪ್ರಿಲ್, ಮೇ ತಿಂಗಳಲ್ಲಿ ಘಾಟಿ ಹತ್ತಿ ನಿಲ್ಲಿಸಿದರೆ ಇನ್ನೊಂದು ಕತೆ. ಮತ್ತೆ ಸ್ಟಾರ್ಟ್ ಆಗೋದಿಲ್ಲ. ಇಂಜಿನ್ ಬಿಸಿಗೆ ಪೈಪಿನೊಳಗಿನ ಪೆಟ್ರೋಲ್ ಆವಿಯಾಗಿ ಪಂಪ್ ಎಳೆಯದೆ ಹೋಗುತ್ತದೆ. ಅಪ್ಪ ಡಿಕ್ಕಿಯಲ್ಲಿ ಯಾವಾಗಲೂ ಒಂದು ಹಳೆಯ ಪಂಚೆ ತುಂಡು ಇಟ್ಟಿರುತ್ತಿದ್ದರು. ಬಾನೆಟ್ ಎತ್ತಿ, ಬಟ್ಟೆ ಒದ್ದೆ ಮಾಡಿ, ಪೆಟ್ರೋಲ್ ಪಂಪಿಗೆ ಸುತ್ತಿ, ಎಲ್ಲರೂ ರಸ್ತೆ ಬದಿಯಲ್ಲಿ ತಿಂಡಿ ತಿನ್ನುವುದು. ತಿಂಡಿ ಮುಗಿಯುವ ಹೊತ್ತಿಗೆ ಕಾರು ತಯಾರು. ನಾನೂ ಈಗ ಬಟ್ಟೆ ಇಟ್ಟುಕೊಂಡೇ ಹೊರಡುವುದು.

ಟ್ವಿನ್‌ಕ್ಯಾಮ್, ಟೊರಿನೊ

ಬರುತ್ತದಾ ಅಂತ ಕೇಳಬೇಕಾ ಅಣ್ಣಾ? ಪದ್ಮಿನಿ ಈ ಊರಿನದೇ ಕೂಸು, ಫಿಯಟ್ 1100ರ ಭಾರತದ ರೂಪ. ಫಿಯಟ್ 1100/103 ಹೊರಬಂದದ್ದು 1953ರಲ್ಲಿ, ಟೊರಿನೊದಿಂದ. ಫಿಯಟ್‌ನ ಮುಖ್ಯ ಎಂಜಿನಿಯರ್ ದಾಂತೆ ಜಾಕೋಸಾ ಅವರ ಕೆಲಸ. ಬೇರೆ ಚಾಸಿಸ್ ಇಲ್ಲ, ಬಾಡಿಯೇ ಎಲ್ಲ ಭಾರ ಹೊರುತ್ತದೆ. ಅವತ್ತಿನ ಸಾಮಾನ್ಯ ಕಾರಿಗೆ ಅದು ದೊಡ್ಡ ಹೆಜ್ಜೆ. ಮುಂದಿನ ಚಕ್ರಗಳಿಗೆ ಕಾಯಿಲ್ ಸ್ಪ್ರಿಂಗ್, ಬಿಡಿಬಿಡಿ ಸಸ್ಪೆನ್ಷನ್. ಪದ್ಮಿನಿ ತಿರುವಿನಲ್ಲಿ ಅಷ್ಟು ನಂಬಿಕೆ ಕೊಡುವುದು ಅದರಿಂದಲೇ.

ಇದೇ 1100 ಮಿಲೆ ಮಿಲ್ಯಾ ಓಡಿದೆ ಅನ್ನುವುದು ನಮ್ಮವರಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಬ್ರೆಷಿಯಾದಿಂದ ರೋಮ್, ರೋಮ್‌ನಿಂದ ಮತ್ತೆ ಬ್ರೆಷಿಯಾ, ಸುಮಾರು 1600 ಕಿ.ಮೀ., ಅದೂ ಸಾರ್ವಜನಿಕ ರಸ್ತೆಯಲ್ಲಿ. 1927ರಲ್ಲಿ ಶುರುವಾದ ರೇಸ್, 1957ರ ಭೀಕರ ಅಪಘಾತದ ನಂತರ ನಿಂತುಹೋಯ್ತು. ಫೆರಾರಿ, ಮಾಸೆರಾಟಿಗಳ ಹೆಸರು ಎಲ್ಲರಿಗೂ ಗೊತ್ತು. ಆದರೆ ಅದೇ ರಸ್ತೆಯಲ್ಲಿ, ಅದೇ ಫೂಟಾ ಘಾಟಿ ದಾಟಿ, ಫಿಯಟ್ 1100 ಓಡಿಸಿದ ಸಾಮಾನ್ಯ ಜನರೂ ಇದ್ದರು. ಈಗ ಅದೇ ಹೆಸರಿನಲ್ಲಿ ಹಳೆಯ ಕಾರುಗಳ ಓಟ ನಡೆಯುತ್ತದೆ. ವೇಗದ ಸ್ಪರ್ಧೆ ಅಲ್ಲ, ಹೇಳಿದ ಸಮಯಕ್ಕೆ ಸರಿಯಾಗಿ ಮುಟ್ಟುವ ಸ್ಪರ್ಧೆ. 1927ರಿಂದ 1957ರವರೆಗೆ ಆ ರೇಸಿನಲ್ಲಿ ಓಡಿದ ಮಾದರಿಗಳಿಗೆ ಮಾತ್ರ ಜಾಗ. ಅಂದರೆ ಪದ್ಮಿನಿಯ ಅಣ್ಣಂದಿರಿಗೆ ಅಲ್ಲಿ ಇವತ್ತಿಗೂ ಪ್ರವೇಶ ಇದೆ.

ಇನ್ನೊಂದು ವಿಷಯ. ಇಟಲಿಯಲ್ಲಿ 1100 ತಯಾರಿ 1969ಕ್ಕೇ ಮುಗೀತು. ಮುಂಬೈಯಲ್ಲಿ ಅದು ಹೊಸ ಶತಮಾನದ ಬಾಗಿಲವರೆಗೆ ನಡೆಯಿತು. ಕಪ್ಪು ಹಳದಿ ಟ್ಯಾಕ್ಸಿಯಾಗಿ 2023ರ ಅಕ್ಟೋಬರ್‌ವರೆಗೆ ಓಡಿತು. ಇಲ್ಲಿನ ಹಳೆಯ ಫಿಯಟ್ ಅಭಿಮಾನಿಗಳಿಗೆ ಆ ಟ್ಯಾಕ್ಸಿಗಳ ಫೋಟೊ ತೋರಿಸಿ ನೋಡಿ, ಕಣ್ಣು ಅರಳುತ್ತದೆ.

ಸ್ಪ್ಯಾನರ್, ಧಾರವಾಡ

ನಮಸ್ಕಾರ್ ರೀ. ನಾನು ಗ್ಯಾರೇಜ್ ಕಡೆಯಿಂದ ಒಂದಿಷ್ಟು ಹೇಳುತ್ತೇನೆ.

ಹಳೆಯ ಫಿಯಟ್ ಇಂಜಿನ್ ಬಿಚ್ಚಿದವರಿಗೆ ಗೊತ್ತು, ಸಾಮಾನು ಕಡಿಮೆ, ಕೆಲಸ ಅಚ್ಚುಕಟ್ಟು. ಇಂಜಿನ್ ಸುತ್ತ ಕೈ ಹಾಕೋಕೆ ಜಾಗ ಇದೆ. ಟ್ಯಾಪೆಟ್ ಸರಿ ಮಾಡೋದು, ಪ್ಲಗ್ ತೆಗೆಯೋದು, ಪಾಯಿಂಟ್ ಗ್ಯಾಪ್ ನೋಡೋದು, ಎಲ್ಲ ಮನೆ ಅಂಗಳದಲ್ಲೇ ಆಗುತ್ತದೆ. ಓಡಿಸುವವರೇ ರಿಪೇರಿಯನ್ನೂ ಕಲಿಯಬೇಕು ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಪ್ಲಗ್‌ನಲ್ಲಿ ಕಿಡಿ ಹಾರುವ ಟೈಮಿಂಗ್ ಸ್ವಲ್ಪ ಹಿಂದೆ ಹೋದರೆ ಘಾಟಿಯಲ್ಲಿ ಕಾರು ಸುಸ್ತಾಗುತ್ತದೆ. ಅದನ್ನು ಸೀಟಿನಲ್ಲಿ ಕೂತೇ ಗುರುತಿಸಬಹುದು, ಮೀಟರ್ ಬೇಡ.

ಈಗಿನ ದೊಡ್ಡ ತಲೆನೋವು ಅಂದರೆ ಇ20, ನೂರಕ್ಕೆ 20 ಪಾಲು ಎಥೆನಾಲ್ ಬೆರೆಸಿದ ಪೆಟ್ರೋಲ್. ಎಥೆನಾಲ್ ಹಳೆಯ ರಬ್ಬರನ್ನು ತಿನ್ನುತ್ತದೆ. ಪೈಪ್ ಮೆತ್ತಗಾಗುತ್ತದೆ, ಇಲ್ಲವೇ ಬಿರಿಯುತ್ತದೆ. ಪಂಪಿನ ಡಯಾಫ್ರಂ ಹಾಳಾಗುತ್ತದೆ. ಎಥೆನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ಕಾರು ತಿಂಗಳುಗಟ್ಟಲೆ ನಿಂತರೆ ಟ್ಯಾಂಕಿನ ತಳಕ್ಕೆ ತುಕ್ಕು, ಆ ತುಕ್ಕಿನ ಪುಡಿ ಕಾರ್ಬೊರೇಟರ್ ಜೆಟ್ಟಿಗೆ. ಆದ್ದರಿಂದ ಪೈಪುಗಳನ್ನೆಲ್ಲ ಎಥೆನಾಲ್ ತಡೆಯುವ ರಬ್ಬರಿಗೆ ಬದಲಾಯಿಸಿ. ಪಂಪಿಗೆ ಮೊದಲು ಒಂದು ಪಾರದರ್ಶಕ ಫಿಲ್ಟರ್ ಹಾಕಿ, ಕಸ ಕಣ್ಣಿಗೆ ಕಾಣಲಿ. ಜಾಸ್ತಿ ದಿನ ನಿಲ್ಲಿಸುವುದಿದ್ದರೆ ಏನು ಮಾಡಬೇಕು ಅಂತ ನಿಮ್ಮ ಮೆಕ್ಯಾನಿಕ್ ಹತ್ತಿರ ಕೇಳಿ. ಎಲ್ಲಕ್ಕಿಂತ ಒಳ್ಳೆ ಔಷಧ ಅಂದರೆ ವಾರಕ್ಕೊಮ್ಮೆ ಓಡಿಸುವುದು. ಇಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಹೋಗಬೇಕು. ಸುಮ್ನೆ ಮನೆ ಮುಂದೆ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಲಾಭಕ್ಕಿಂತ ನಷ್ಟ ಜಾಸ್ತಿ.

ನೇರಮಾತು, ಮೈಸೂರು

ಎಲ್ಲ ಓದಿದೆ. ಪ್ರೀತಿ ಅರ್ಥವಾಗುತ್ತದೆ. ಆದರೂ ಒಂದು ಪ್ರಶ್ನೆ. ಹಳೆಯ ಇಟಾಲಿಯನ್ ಕಾರು ಅಂದರೆ ತುಕ್ಕು, ವೈರಿಂಗ್ ತೊಂದರೆ, ಅಲ್ವಾ? ಇದು ಬರೀ ಪುಕಾರು ಅಲ್ಲ. ಲಾಂಚಾ ಬೀಟಾ ಕಾರುಗಳನ್ನು 1980ರಲ್ಲಿ ಬ್ರಿಟನ್ನಿನಲ್ಲಿ ತುಕ್ಕಿನ ಕಾರಣಕ್ಕೆ ಕಂಪನಿಯೇ ವಾಪಸ್ ಕೊಂಡಿತು. ನಂತರ ಆ ದೇಶದಲ್ಲಿ ಲಾಂಚಾ ಹೆಸರು ಮೇಲೇಳಲೇ ಇಲ್ಲ, 1994ರಲ್ಲಿ ಮಾರುಕಟ್ಟೆಯನ್ನೇ ಬಿಟ್ಟಿತು. ಓಡಿಸುವ ಖುಷಿಯೇ ಬೇಕು ಅಂದರೆ ಅದೇ ಕಾಲದ ಜರ್ಮನ್ ಕಾರು ಇದೆ, ಜಪಾನಿನ ಕಾರು ಇದೆ. ಅವು ರಸ್ತೆ ಮಧ್ಯೆ ಕೈಕೊಡುವುದು ಕಡಿಮೆ. ಮತ್ತೆ ಇದೇ ಯಾಕೆ?

ವಿ4, ಮ್ಯೂನಿಕ್

ಸರ್, ಪ್ರಶ್ನೆ ನ್ಯಾಯವಾಗಿದೆ. ನಾನು ಜರ್ಮನಿಯಲ್ಲಿ ಇದ್ದೇನೆ, ಸುತ್ತಲೂ ಜರ್ಮನ್ ಕಾರುಗಳೇ. ಆದರೂ ನನ್ನ ಹತ್ತಿರ ಇರುವುದು ಲಾಂಚಾ ಫುಲ್ವಿಯಾ ಕೂಪೆ. ಯಾಕೆ ಅಂತ ಹೇಳಲೇಬೇಕು.

ತುಕ್ಕಿನ ವಿಷಯ ನಿಜ. 1970ರ ದಶಕದಲ್ಲಿ ಅದು ಬಹಳ ಕೆಟ್ಟಿತ್ತು. ಆಲ್ಫಾಸುದ್ ಅಂತ ಒಂದು ಕಾರು ಬಂತು, ನೇಪಲ್ಸ್ ಹತ್ತಿರದ ಪೊಮಿಲ್ಯಾನೊದಲ್ಲಿ ತಯಾರಾಗುತ್ತಿತ್ತು. ಇಂಜಿನ್ ಮುಂದಿನ ಚಕ್ರಗಳನ್ನು ತಿರುಗಿಸುವ ಕಾರುಗಳಲ್ಲಿ ಅಷ್ಟು ಚೆನ್ನಾಗಿ ತಿರುವು ಹಿಡಿಯುವ ಕಾರು ಆಗ ಇರಲಿಲ್ಲ. ಅದರ ಬಾಡಿಯ ಟೊಳ್ಳು ಜಾಗಗಳಲ್ಲಿ ಫೋಮ್ ತುಂಬಿದ್ದರು. ಅದು ನೀರು ಹಿಡಿದುಕೊಂಡು ಒಳಗಿನಿಂದಲೇ ತುಕ್ಕು ಹಿಡಿಸಿತು. ಅಷ್ಟು ಒಳ್ಳೆಯ ಕಾರುಗಳು ಗುಜರಿಗೆ ಹೋದದ್ದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆದರೆ ಎಂಜಿನಿಯರಿಂಗ್ ನೋಡಿ. ಲಾಂಚಾದವರು ಲೆಕ್ಕಪತ್ರ ನೋಡಿ ಕಾರು ಕಟ್ಟಿದವರಲ್ಲ. 1950ರ ಔರೇಲಿಯಾದಲ್ಲಿ ಇದ್ದದ್ದು ಮಾರಾಟದ ಕಾರುಗಳ ಸಾಲಿನಲ್ಲಿ ಮೊದಲ ವಿ6 ಇಂಜಿನ್, ಅಂದರೆ ಆರು ಸಿಲಿಂಡರ್ ಎರಡು ಸಾಲಿನಲ್ಲಿ, ವಿ ಆಕಾರಕ್ಕೆ. ಗೇರ್‌ಬಾಕ್ಸನ್ನು ಹಿಂದಿನ ಚಕ್ರಗಳ ಹತ್ತಿರ ಕೂರಿಸಿದರು, ಭಾರ ಸಮ ಆಗಲಿ ಅಂತ. ನನ್ನ ಫುಲ್ವಿಯಾದ್ದು ವಿ4. ಎರಡು ಸಾಲು ಸಿಲಿಂಡರ್ ನಡುವೆ ಕೋನ ಸುಮಾರು 13 ಡಿಗ್ರಿ ಮಾತ್ರ. ಅಷ್ಟು ಹತ್ತಿರ ಇರುವುದರಿಂದ ನಾಲ್ಕಕ್ಕೂ ಒಂದೇ ಹೆಡ್ ಸಾಕು. ಒಂದು ಕ್ಯಾಮ್ ಒಳಗೆ ಎಳೆಯುವ ವಾಲ್ವ್‌ಗಳಿಗೆ, ಇನ್ನೊಂದು ಹೊಗೆ ಬಿಡುವ ವಾಲ್ವ್‌ಗಳಿಗೆ. ಇಂಜಿನ್ ಇಷ್ಟು ಗಿಡ್ಡ ಆದದ್ದರಿಂದ ಅದನ್ನು ಮುಂದಿನ ಆಕ್ಸಲಿಗಿಂತ ಮುಂದೆ, ಪಕ್ಕಕ್ಕೆ ವಾಲಿಸಿ ಕೂರಿಸಿದ್ದಾರೆ. ಬಾನೆಟ್ ಎತ್ತಿದರೆ ಇಂಜಿನ್ ಒಂದು ಮಗ್ಗುಲಿಗೆ ಮಲಗಿರುತ್ತದೆ.

ಓಡಿಸುವಾಗ ಆ ಕೆಲಸವೆಲ್ಲ ಕೈಗೆ ಗೊತ್ತಾಗುತ್ತದೆ. ನಿಧಾನಕ್ಕೆ ಹೋಗುವಾಗ ಸ್ಟೇರಿಂಗ್ ಭಾರ, ಪಾರ್ಕಿಂಗ್‌ನಲ್ಲಿ ತೋಳು ನೋಯುತ್ತದೆ. ವೇಗ ಬಂದ ಮೇಲೆ ಅದೇ ಸ್ಟೇರಿಂಗ್ ಮಾತಾಡುತ್ತದೆ. ರಸ್ತೆ ಒದ್ದೆ ಇದೆಯಾ, ಜಲ್ಲಿ ಇದೆಯಾ, ಮುಂದಿನ ಟೈರು ಹಿಡಿತ ಬಿಡುತ್ತಿದೆಯಾ, ಎಲ್ಲ ಅಂಗೈಯಲ್ಲಿ. ಕಿಟಕಿಯ ಕಂಬಗಳು ತೆಳ್ಳಗೆ, ಗಾಜು ದೊಡ್ಡದು. ನಾಲ್ಕೂ ಮೂಲೆ ಕೂತಲ್ಲಿಂದಲೇ ಕಾಣುತ್ತದೆ. 1972ರಲ್ಲಿ ಸಾಂಡ್ರೊ ಮುನಾರಿ ಇದೇ ಫುಲ್ವಿಯಾದಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದರು. ಆ ಹೊತ್ತಿಗೆ ಎದುರಾಳಿಗಳ ಕಾರುಗಳಿಗೆ ಇದಕ್ಕಿಂತ ಶಕ್ತಿ ಹೆಚ್ಚು. ಮಂಜಿನ ರಸ್ತೆಯಲ್ಲಿ ಈ ಹಿಡಿತ ಕೆಲಸ ಮಾಡಿತು.

ಕೊಳ್ಳುವವರು ಮಾತ್ರ ಹೊಳೆಯುವ ಬಣ್ಣ ನೋಡಿ ಮರುಳಾಗಬೇಡಿ. ಕಾರಿನ ಕೆಳಗೆ ಹೋಗಿ. ಇಂಜಿನ್ ಹೊರುವ ಮುಂದಿನ ಚೌಕಟ್ಟು (ಸಬ್‌ಫ್ರೇಮ್) ಬಾಡಿಗೆ ಸೇರುವ ಜಾಗವನ್ನು ಬೆರಳಿನಿಂದ ಒತ್ತಿ ನೋಡಿ. ಅಲ್ಲಿ ಗಟ್ಟಿ ಇದ್ದರೆ ಉಳಿದದ್ದು ಸರಿಮಾಡಬಹುದು. ಅಲ್ಲಿ ಟೊಳ್ಳಾಗಿದ್ದರೆ ಬಿಟ್ಟುಬಿಡಿ, ಎಷ್ಟೇ ಅಗ್ಗವಾಗಿ ಸಿಕ್ಕರೂ.

ನೇರಮಾತು, ಮೈಸೂರು

ಉತ್ತರ ಚೆನ್ನಾಗಿದೆ ಮೇಡಂ. ಆಲ್ಫಾಸುದ್ ವಿಷಯ ಈಗಲೇ ಗೊತ್ತಾದದ್ದು. ದಿನಾ ಕೆಲಸಕ್ಕೆ ಹೋಗೋಕೆ ಇವು ಆಗಲ್ಲ ಅನ್ನುವ ಮಾತಿಗೆ ಮಾತ್ರ ನಾನು ಅಂಟಿಕೊಳ್ಳುತ್ತೇನೆ.

ಹೊಸಬ, ಗದಗ

ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ. ಕಾರು ಕಲಿತದ್ದೇ ಹೊಸ ಹ್ಯಾಚ್‌ಬ್ಯಾಕ್‌ನಲ್ಲಿ. ಫಿಯಟ್ 500ರ ಬಗ್ಗೆ ಓದುವಾಗಲೆಲ್ಲ ಡಬಲ್ ಕ್ಲಚ್ ಮಾಡಬೇಕು ಅಂತ ಬರುತ್ತದೆ. ಅದನ್ನು ಯಾರಾದರೂ ನಿಜವಾಗಿ ಓಡಿಸಿ ನೋಡಿದ್ದೀರಾ? ಕಷ್ಟನಾ?

ಟ್ವಿನ್‌ಕ್ಯಾಮ್, ಟೊರಿನೊ

ತಮ್ಮಾ, ಒಳ್ಳೆಯ ಪ್ರಶ್ನೆ. 500ರ ಬಗ್ಗೆ ನಾನು ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ನನಗೆ ತುಂಬ ಇಷ್ಟವಾದ ಕಾರು ಅದೇ.

1957ರ ಜುಲೈನಲ್ಲಿ ಬಂತು. ಇದೂ ಜಾಕೋಸಾ ಅವರದೇ. ಉದ್ದ ಮೂರು ಮೀಟರ್ ಕೂಡ ಇಲ್ಲ. ಎರಡು ಸಿಲಿಂಡರ್, 479 ಸಿಸಿ, ಗಾಳಿಯಿಂದ ತಣ್ಣಗಾಗುವ ಇಂಜಿನ್, ಅದೂ ಹಿಂದೆ. ಮೊದಲ ಕಾರುಗಳಲ್ಲಿ ಶಕ್ತಿ 13 ಕುದುರೆ. ನಂತರ 499 ಸಿಸಿ, ಸುಮಾರು 18 ಕುದುರೆಗೆ ಏರಿತು. ಮೇಲೆ ಕ್ಯಾನ್ವಾಸ್ ಛಾವಣಿ. ತಗಡು ಉಳಿಯಿತು, ಒಳಗೆ ಇಂಜಿನ್ ಸದ್ದು ಗುಂಯ್‌ಗುಟ್ಟುವುದೂ ಕಡಿಮೆಯಾಯ್ತು.

ಕೂತ ಮೇಲೆ ಕೀ ತಿರುಗಿಸಿದರೆ ಸ್ಟಾರ್ಟ್ ಆಗೋದಿಲ್ಲ. ಎರಡು ಸೀಟಿನ ನಡುವೆ, ಹ್ಯಾಂಡ್ ಬ್ರೇಕ್ ಹತ್ತಿರ, ಎರಡು ಚಿಕ್ಕ ಲಿವರ್ ಇವೆ. ಒಂದು ಚೋಕ್, ಇನ್ನೊಂದು ಸ್ಟಾರ್ಟರ್. ಚೋಕ್ ಎತ್ತಿ, ಸ್ಟಾರ್ಟರ್ ಎತ್ತಿದರೆ ಹಿಂದೆ ಇಂಜಿನ್ ಎದ್ದು ಕೂರುತ್ತದೆ. ಇಡೀ ಕಾರು ನಡುಗುತ್ತದೆ. ಸ್ವಲ್ಪ ಬಿಸಿಯಾದ ಮೇಲೆ ಚೋಕ್ ಇಳಿಸಬೇಕು.

ಗೇರ್‌ಬಾಕ್ಸಿನಲ್ಲಿ ಸಿಂಕ್ರೊ ಇಲ್ಲ. ಅಂದರೆ ಒಳಗಿನ ಎರಡು ಭಾಗಗಳ ವೇಗವನ್ನು ಹೊಂದಿಸುವ ಕೆಲಸ ನಿನ್ನದು. ಮೇಲಿನ ಗೇರಿಗೆ ಹೋಗುವುದು ಸುಲಭ. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು ಒಂದು ಕ್ಷಣ ತಡೆ, ಇಂಜಿನ್ ಸದ್ದು ಇಳಿಯಲಿ, ಆಮೇಲೆ ಮುಂದಿನ ಗೇರ್. ಅವಸರ ಮಾಡಿದರೆ ಹಲ್ಲು ಕಡಿದ ಸದ್ದು ಬರುತ್ತದೆ. ಕೆಳಗಿನ ಗೇರಿಗೆ ಇಳಿಯುವುದೇ ನಿಜವಾದ ಕೆಲಸ. ಮೂರರಿಂದ ಎರಡಕ್ಕೆ ಬರಬೇಕು ಅಂದುಕೋ. ಕ್ಲಚ್ ಒತ್ತು, ನ್ಯೂಟ್ರಲ್, ಕ್ಲಚ್ ಬಿಡು. ಈಗ ಬಲಗಾಲಿನಿಂದ ಆಕ್ಸಿಲರೇಟರನ್ನು ಒಂದು ಸಲ ಚುರುಕಾಗಿ ಒತ್ತು. ಇಂಜಿನ್ ಏರುತ್ತಿರುವಾಗಲೇ ಮತ್ತೆ ಕ್ಲಚ್, ಎರಡನೇ ಗೇರ್. ಸರಿಯಾದರೆ ಲಿವರ್ ತಾನಾಗಿ ಒಳಗೆ ಹೋಗುತ್ತದೆ, ಸದ್ದೇ ಇಲ್ಲ. ಡಬಲ್ ಕ್ಲಚ್ ಅಂದರೆ ಇದೇ. ಇದೆಲ್ಲ ಒಂದು ಸೆಕೆಂಡಿನ ಒಳಗೆ, ಬ್ರೇಕ್ ಹಿಡಿದು ತಿರುವಿಗೆ ಬರುತ್ತಿರುವಾಗ.

ಮೊದಲ ದಿನ ಕೈಕಾಲು ಜಗಳ ಆಡುತ್ತವೆ. ಕಿವಿ ಕೊಟ್ಟು ಕೇಳಿದರೆ ಬೇಗ ಬರುತ್ತದೆ, ಯಾಕೆಂದರೆ ಎಲ್ಲವನ್ನೂ ಇಂಜಿನ್ ಸದ್ದೇ ಹೇಳುತ್ತದೆ. ಟೊರಿನೊದ ಟ್ರಾಮ್ ಕಂಬಿಗಳ ಮೇಲೆ, ಕಲ್ಲುಹಾಸಿನ ಬೀದಿಯಲ್ಲಿ, ಗಂಟೆಗೆ 40 ಕಿ.ಮೀ. ಹೋಗುವಾಗ ನಿನ್ನ ಪೂರ್ತಿ ಗಮನ ಅಲ್ಲೇ ಇರುತ್ತದೆ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಆದ್ದರಿಂದ ಮುಂದಿನ ಗಾಡಿಯಿಂದ ದೂರ ಇಟ್ಟುಕೊಳ್ಳಬೇಕು. ಇಂಜಿನ್ ಹಿಂದೆ ಇರುವುದರಿಂದ ಸ್ಟೇರಿಂಗ್ ತುಂಬ ಹಗುರ. ಕಾರು ಕಿರಿದು, ಹಾಗಾಗಿ ಇಕ್ಕಟ್ಟಾದ ರಸ್ತೆಯಲ್ಲೂ ನಿನ್ನ ಲೇನಿನೊಳಗೇ ತಿರುವಿನ ಗೆರೆ ಆರಿಸಿಕೊಳ್ಳೋಕೆ ಜಾಗ ಉಳಿಯುತ್ತದೆ. ಈಗಿನ ಅಗಲದ ಕಾರುಗಳಲ್ಲಿ ಅದು ಸಾಧ್ಯವೇ ಇಲ್ಲ.

ಹ್ಯಾಂಡ್‌ಗೇರ್, ಮಂಗಳೂರು

ಇದನ್ನು ಓದುವಾಗ ನಮ್ಮ ಹಳೆಯ ಲಾರಿ ಡ್ರೈವರುಗಳು ಕಣ್ಣ ಮುಂದೆ ಬಂದರು. ಶಿರಾಡಿಯಲ್ಲಿ ಲೋಡ್ ಹೊತ್ತು ಇಳಿಯುವಾಗ ಅವರು ಮಾಡುತ್ತಿದ್ದದ್ದು ಇದನ್ನೇ. ಹೊಸಬ ಅವರೇ, ನಿಮ್ಮ ಊರಿನ ಕಡೆ ವಯಸ್ಸಾದ ಲಾರಿ ಡ್ರೈವರ್ ಯಾರಾದರೂ ಇದ್ದರೆ ಅವರ ಹತ್ತಿರ ಕೇಳಿ. ಪುಸ್ತಕಕ್ಕಿಂತ ಚೆನ್ನಾಗಿ ಹೇಳಿಕೊಡುತ್ತಾರೆ.

ವಿ12, ಬೆಂಗಳೂರು

ದೊಡ್ಡ ಕಾರುಗಳ ಪರವಾಗಿಯೂ ಒಂದು ಮಾತು. ಟ್ವಿನ್‌ಕ್ಯಾಮ್ ಹೇಳಿದ ತೆರಿಗೆ ವಿಷಯ ಫೆರಾರಿಯನ್ನೂ ಬಿಡಲಿಲ್ಲ. ಎರಡು ಲೀಟರ್ ದಾಟಿದ ಇಂಜಿನ್‌ಗೆ ಇಟಲಿಯಲ್ಲಿ ಮಾರಾಟ ತೆರಿಗೆ ಬಹಳ ಜಾಸ್ತಿ ಮಾಡಿದರು. ಆಗ 1975ರಲ್ಲಿ ಫೆರಾರಿ 208 ಜಿಟಿ4 ಬಂತು. ಎಂಟು ಸಿಲಿಂಡರ್, ಆದರೆ ಒಟ್ಟು ಎರಡು ಲೀಟರಿಗಿಂತ ಒಂದು ಚೂರು ಕಡಿಮೆ. ನಂತರ ಅದೇ ಎರಡು ಲೀಟರಿಗೆ ಟರ್ಬೊ ಸೇರಿಸಿದರು. ಲ್ಯಾಂಬೋರ್ಗಿನಿ ಉರಾಕೊ, ಮಾಸೆರಾಟಿ ಮೆರಾಕ್, ಇವಕ್ಕೂ ಇಟಲಿಗೆ ಮಾತ್ರ ಅಂತ ಎರಡು ಲೀಟರಿನ ಮಾದರಿಗಳಿದ್ದವು.

ಆದರೆ ಲ್ಯಾಂಬೋರ್ಗಿನಿ ಮಿಯೂರಾ ನೋಡಿದ ಮೇಲೆ ಚಿಕ್ಕ ಇಂಜಿನ್‌ನ ವಾದ ನನಗೆ ಮರೆತೇಹೋಗುತ್ತದೆ. 1966ರ ಜಿನೀವಾ ಪ್ರದರ್ಶನ. ನಾಲ್ಕು ಲೀಟರಿನ ಹನ್ನೆರಡು ಸಿಲಿಂಡರ್ ಇಂಜಿನ್ನನ್ನು ಸೀಟಿನ ಹಿಂದೆ ಅಡ್ಡಕ್ಕೆ ಮಲಗಿಸಿದ್ದರು. ಬೆರ್ತೋನೆ ಅನ್ನುವ ವಿನ್ಯಾಸ ಸಂಸ್ಥೆಯಲ್ಲಿ ಅದರ ರೂಪ ಬರೆದ ಮಾರ್ಚೆಲ್ಲೊ ಗಾಂದಿನಿಗೆ ಆಗ 27 ವರ್ಷ. ಅವರು 2024ರ ಮಾರ್ಚ್‌ನಲ್ಲಿ ತೀರಿಕೊಂಡರು. ಮಿಯೂರಾ, ಲಾಂಚಾ ಸ್ಟ್ರಾಟೋಸ್, ಕೌಂಟಾಶ್, ಮೂರೂ ಅವರ ಕೈಯಿಂದಲೇ ಬಂದವು.

ಸ್ಪ್ಯಾನರ್, ಧಾರವಾಡ

ಈಗ ಒಂದು ಜಗಳದ ವಿಷಯ ತೆಗೆಯುತ್ತೇನೆ, ಬೇಜಾರಾಗಬೇಡಿ. ಪದ್ಮಿನಿಗೆ ಬೇರೆ ಇಂಜಿನ್ ಹಾಕಿಸುವವರು, ಹ್ಯಾಂಡ್ ಗೇರ್ ತೆಗೆಸಿ ಫ್ಲೋರ್ ಗೇರ್ ಮಾಡಿಸುವವರು ಜಾಸ್ತಿ ಇದ್ದಾರೆ. ಪಿಕಪ್ ಬೇಕು ಅಂತ ಕೇಳುತ್ತಾರೆ. ನಾನು ಮಾಡಿಕೊಡುವುದಿಲ್ಲ. ಆ 40 ಕುದುರೆಗೆ ತಕ್ಕಂತೆ ಬ್ರೇಕು, ಸಸ್ಪೆನ್ಷನ್ ಲೆಕ್ಕ ಹಾಕಿದ್ದಾರೆ. ಅಲ್ಲಿ ಎರಡು ಪಟ್ಟು ಶಕ್ತಿ ಹಾಕಿದರೆ ನಿಲ್ಲಿಸುವವರು ಯಾರು? ಇಗ್ನಿಷನ್ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಮಾಡಿಸಿ, ಸೀಟ್ ಬೆಲ್ಟ್ ಹಾಕಿಸಿ, ಒಳ್ಳೆಯ ರೇಡಿಯಲ್ ಟೈರ್ ಹಾಕಿಸಿ, ಹೆಡ್‌ಲೈಟಿಗೆ ರಿಲೇ ಕೂರಿಸಿ. ಇವಕ್ಕೆಲ್ಲ ನಾನು ಸಿದ್ಧ. ಬೇಕಾದರೆ ನಾಳೆ ಮತ್ತೆ ಮೊದಲಿನ ಹಾಗೆ ಮಾಡಬಹುದು. ಇಂಜಿನ್, ಗೇರ್ ಬದಲಾಯಿಸಿದರೆ ಉಳಿಯುವುದು ಹೊರಗಿನ ತಗಡು ಮಾತ್ರ.

ವಿ12, ಬೆಂಗಳೂರು

ಪೂರ್ತಿ ಒಪ್ಪೋಕೆ ಆಗಲ್ಲ ಸರ್. ಬೆಂಗಳೂರಿನ ಟ್ರಾಫಿಕ್‌ನಲ್ಲಿ ದಿನಾ ಓಡಿಸುವವರು ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಹಾಕಿಸಿದರೆ ತಪ್ಪೇನು? ಕಾರು ಷೆಡ್ಡಿನಲ್ಲಿ ಅಸಲಿಯಾಗಿ ಕೊಳೆಯುವುದಕ್ಕಿಂತ ರಸ್ತೆಯಲ್ಲಿ ಸ್ವಲ್ಪ ಬದಲಾಗಿ ಓಡುವುದು ವಾಸಿ.

ಸ್ಪ್ಯಾನರ್, ಧಾರವಾಡ

ಡಿಸ್ಕ್ ಬ್ರೇಕಿಗೆ ನನ್ನ ತಕರಾರಿಲ್ಲ ರೀ, ಚೆನ್ನಾಗಿ ಮಾಡಿಸಿದರೆ. ನಾನು ಹೇಳಿದ್ದು ಇಂಜಿನ್ ಬಗ್ಗೆ. ಅದಕ್ಕೆ ಕಾನೂನಿನ ಕಾರಣವೂ ಇದೆ.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹಳೆಯ ಗಾಡಿಗಳಿಗೆ ಬೇರೆ ನೋಂದಣಿ ತಂತು. 50 ವರ್ಷ ದಾಟಿದ ಕಾರು, ಬೈಕುಗಳನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ನಂಬರಿನಲ್ಲಿ ರಾಜ್ಯದ ಅಕ್ಷರಗಳ ನಂತರ ವಿಎ ಅಂತ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ. ನವೀಕರಣಕ್ಕೆ 5,000. ಷರತ್ತು ಏನೆಂದರೆ ಚಾಸಿಸ್, ಬಾಡಿ, ಇಂಜಿನ್‌ನಲ್ಲಿ ದೊಡ್ಡ ಬದಲಾವಣೆ ಇರಬಾರದು. ಬೇರೆ ಇಂಜಿನ್ ಕೂರಿಸಿದ ಕಾರಿಗೆ ಇದು ಸಿಗೋದಿಲ್ಲ. ಈಗ 1974, 75ರ ಪದ್ಮಿನಿಗಳಿಗೂ 50 ತುಂಬಿದೆ. ಇಂಜಿನ್ ಬದಲಿಸುವ ಮೊದಲು ಎರಡು ಸಲ ಯೋಚನೆ ಮಾಡಿ ಅನ್ನುವುದು ಅದಕ್ಕೇ.

ಇನ್ನೊಂದು ಎಚ್ಚರಿಕೆ. ವಿಎ ನಂಬರ್ ಹಾಕಿಸಿಕೊಂಡರೆ ದಿನಾ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋದು, ಇಂಥದ್ದಕ್ಕೆ ಮಾತ್ರ. ನಿಮ್ಮ ಕಾರಿಗೆ ಮಾಮೂಲಿ ಆರ್‌ಸಿ ಚಾಲ್ತಿಯಲ್ಲಿದ್ದು, ವಾರ ವಾರ ತಿರುಗಾಡುವ ಆಸೆ ಇದ್ದರೆ, ಅವಸರದಲ್ಲಿ ವಿಂಟೇಜ್‌ಗೆ ಬದಲಾಯಿಸಬೇಡಿ. ಮೊದಲು ಆರ್‌ಟಿಒನಲ್ಲಿ ವಿಚಾರಿಸಿ.

ವಿ4, ಮ್ಯೂನಿಕ್

ಉಪಯೋಗದ ಮಾಹಿತಿ ಕೊಟ್ಟಿರಿ. ಇಟಲಿಯಲ್ಲಿ ಈ ವಿಷಯದಲ್ಲಿ ಮನಸ್ಸು ದೊಡ್ಡದು. 30 ವರ್ಷ ದಾಟಿದ ಕಾರಿಗೆ ವಾರ್ಷಿಕ ತೆರಿಗೆ ಮಾಫಿ. ಹಾಗಾಗಿ ಅಲ್ಲಿ ಭಾನುವಾರ ಬೆಳಗ್ಗೆ ಯಾವ ಊರಿಗೆ ಹೋದರೂ ಹಳೆಯ ಕಾರು ರಸ್ತೆಯಲ್ಲಿ ಓಡುವುದು ಕಾಣುತ್ತದೆ. ಬಿಡಿಭಾಗವೂ ಸುಲಭ. 500ಕ್ಕಂತೂ ಬೀಡಿಂಗ್ ರಬ್ಬರಿನಿಂದ ಹಿಡಿದು ಬಾಗಿಲವರೆಗೆ ಎಲ್ಲ ಹೊಸದಾಗಿ ಸಿಗುತ್ತದೆ. ಶರತ್ಕಾಲದಲ್ಲಿ ಬೊಲೊನ್ಯಾದಲ್ಲಿ ದೊಡ್ಡ ಹಳೆಯ ಕಾರು ಮೇಳ ಆಗುತ್ತದೆ. ಮೊದಲು ಪಾದೊವಾದಲ್ಲಿ ಇತ್ತು, 2023ರಿಂದ ಬೊಲೊನ್ಯಾಕ್ಕೆ ಬಂತು. ನನ್ನ ಫುಲ್ವಿಯಾದ ಹೆಡ್‌ಲೈಟ್ ಸುತ್ತಿನ ರಿಂಗ್ ಸಿಕ್ಕಿದ್ದು ಅಲ್ಲೇ, ಒಬ್ಬ ಅಜ್ಜ ಬಟ್ಟೆಯ ಮೇಲೆ ಹರಡಿಕೊಂಡು ಕೂತಿದ್ದ ರಾಶಿಯಲ್ಲಿ.

ಹೊಸಬ, ಗದಗ

ಎಲ್ಲರಿಗೂ ಧನ್ಯವಾದ. ಒಂದೇ ಕೊನೆಯ ಪ್ರಶ್ನೆ. ಮುಂದೆ ಎಂಎಸ್ ಮಾಡೋಕೆ ಟೊರಿನೊ ಪಾಲಿಟೆಕ್ನಿಕ್‌ಗೆ ಅರ್ಜಿ ಹಾಕಬೇಕು ಅಂತಿದ್ದೇನೆ. ಅಲ್ಲಿಗೆ ಬಂದರೆ ಕಾರು ಕೊಳ್ಳೋಕೆ ದುಡ್ಡಂತೂ ಇರಲ್ಲ. ಆದರೂ ಇವುಗಳನ್ನು ಓಡಿಸೋಕೆ ದಾರಿ ಇದೆಯಾ?

ಟ್ವಿನ್‌ಕ್ಯಾಮ್, ಟೊರಿನೊ

ಖಂಡಿತ ಇದೆ. ಹೊರಡುವ ಮೊದಲು ಊರಿನ ಆರ್‌ಟಿಒನಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊ. ನಮ್ಮ ಲೈಸೆನ್ಸ್ ಜೊತೆ ಅದು ಇಲ್ಲಿ ಬೇಕೇ ಬೇಕು. ಇಲ್ಲೇ ವಾಸಕ್ಕೆ ನಿಂತ ಮೇಲೆ ಒಂದು ವರ್ಷ ಮಾತ್ರ ಅದರಲ್ಲಿ ಓಡಿಸಬಹುದು, ಆಮೇಲೆ ಇಟಲಿಯ ಲೈಸೆನ್ಸ್ ತೆಗೆದುಕೊಳ್ಳಬೇಕು.

ಫಿಯಟ್ 500 ಬಾಡಿಗೆಗೆ ಕೊಡುವವರು ದೊಡ್ಡ ಊರುಗಳಲ್ಲೆಲ್ಲ ಇದ್ದಾರೆ. ಆದರೆ ಅದಕ್ಕಿಂತ ಒಳ್ಳೆಯ ದಾರಿ ಕ್ಲಬ್‌ಗಳು. 500 ಅಭಿಮಾನಿಗಳ ದೊಡ್ಡ ಕ್ಲಬ್ ಲಿಗೂರಿಯಾದ ಗಾರ್ಲೆಂದಾ ಅನ್ನುವ ಚಿಕ್ಕ ಊರಿನಲ್ಲಿದೆ. ಪ್ರತಿ ಬೇಸಿಗೆಯಲ್ಲಿ ಅಲ್ಲಿ ನೂರಾರು ಚಿಕ್ಕ ಕಾರುಗಳು ಸೇರುತ್ತವೆ. ರೈಲು ಹತ್ತಿ ಹೋಗು, ಬಾನೆಟ್ ಎತ್ತಿದ ಕಾರಿನ ಹತ್ತಿರ ನಿಂತು ಎರಡು ಪ್ರಶ್ನೆ ಕೇಳು. ಭಾರತದಲ್ಲಿ 1100 ಇಷ್ಟು ವರ್ಷ ತಯಾರಾಗುತ್ತಿತ್ತು ಅಂತ ಹೇಳು. ಪಕ್ಕದ ಸೀಟಿಗೆ ಕರೆಯದೆ ಇರುವವರು ಕಡಿಮೆ.

ಟೊರಿನೊದಲ್ಲೇ ಕಾರು ಮ್ಯೂಸಿಯಂ ಇದೆ. ಲಿಂಗೊಟ್ಟೊ ಕಟ್ಟಡಕ್ಕೂ ಹೋಗು. 1923ರಲ್ಲಿ ಶುರುವಾಗಿ 1982ರಲ್ಲಿ ಮುಚ್ಚಿದ ಫಿಯಟ್ ಕಾರ್ಖಾನೆ ಅದು, ಕಾರು ಓಡಿಸಿ ನೋಡುತ್ತಿದ್ದ ಟ್ರ್ಯಾಕ್ ಇರುವುದು ಮಾಳಿಗೆಯ ಮೇಲೆ. ಮಿಲಾನ್ ಹತ್ತಿರದ ಆರೆಸೆಯಲ್ಲಿ ಆಲ್ಫಾ ಮ್ಯೂಸಿಯಂಗೆ ಅರ್ಧ ದಿನ ಬೇಕು.

ಸ್ಟೆಲ್ವಿಯೊ ಘಾಟಿಗೆ ಹೋಗುವುದಿದ್ದರೆ ಬೇಸಿಗೆಯಲ್ಲೇ ಹೋಗು. 2,757 ಮೀಟರ್ ಎತ್ತರ, ಒಂದು ಮಗ್ಗುಲಲ್ಲೇ 48 ಹೇರ್‌ಪಿನ್, ಚಳಿಗಾಲದಲ್ಲಿ ಹಿಮ ಬಿದ್ದು ರಸ್ತೆ ಮುಚ್ಚಿರುತ್ತದೆ. ಆದರೆ ಹಳೆಯ ಕಾರಿನಲ್ಲಿ ಮೊದಲ ಸಲಕ್ಕೆ ಅದು ಬೇಡ. ಟೊರಿನೊದ ದಕ್ಷಿಣಕ್ಕೆ ಲಾಂಗೆ ಅಂತ ದ್ರಾಕ್ಷಿ ತೋಟಗಳ ಗುಡ್ಡಗಳಿವೆ. ಏರು ಸಣ್ಣದು, ತಿರುವು ಜಾಸ್ತಿ, ವಾಹನ ಕಡಿಮೆ. ಡಬಲ್ ಕ್ಲಚ್ ಕಲಿಯೋಕೆ ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಅಡ್ಮಿಷನ್ ಆದ ದಿನ ಇಲ್ಲೇ ಬರೆದು ತಿಳಿಸು, ಜೂಲಿಯಾ ಇಟ್ಟವರ ಹತ್ತಿರ ನಾನು ಮಾತಾಡಿ ಇಡುತ್ತೇನೆ.